ಹೊಸ ಕೂಲರ್ ಮತ್ತು ಸೊರಬದ ಹೊಸಿಲು

ಶಿಕಾರಿಪುರದ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಕಚೇರಿ. ಮನೆ ಕಟ್ಟಿಸುವವರಿಗೆ ಪ್ಲಾನ್ ಹಾಕಿಕೊಡುತ್ತೇನೆ; ಕಟ್ಟಿದ ಮೇಲೆ ಹೇಗೆ ಕಾಣುತ್ತದೆಂದು ಕಂಪ್ಯೂಟರಿನಲ್ಲಿ ಮೊದಲೇ ತೋರಿಸುತ್ತೇನೆ. ಹೆಂಗಸು ಪ್ಲಾನ್ ಹಾಕುವುದುಂಟೇ ಎಂದು ಮೂಗು ಮುರಿದವರಿಗೂ ಹಾಕಿಕೊಟ್ಟಿದ್ದೇನೆ. ಅವರ ಮನೆಗಳೂ ಗಟ್ಟಿಯಾಗಿಯೇ ನಿಂತಿವೆ.

ಒಮ್ಮೆ ಸೊರಬದಿಂದ ದಿನಸಿ ವ್ಯಾಪಾರದ ಯಜಮಾನರೊಬ್ಬರು ಹೆಂಡತಿಯನ್ನು ಕರೆದುಕೊಂಡು ಬಂದರು. ಆಕೆ ಅಪಘಾತವೊಂದರ ನಂತರ ವೀಲ್‌ಚೇರ್‌ನಲ್ಲೇ ಓಡಾಡುತ್ತಿದ್ದರು. ನಾನು ಪ್ಲಾನಿನಲ್ಲಿ ಬಾಗಿಲುಗಳನ್ನು ಅಗಲ ಮಾಡಿ, ಅಂಗಳದಿಂದ ಇಳಿಜಾರು ಕೊಟ್ಟು, ಹೊಸಿಲನ್ನು ನೆಲದ ಸಮಕ್ಕೆ ಇಳಿಸಿದ್ದೆ. ಯಜಮಾನರು ಇಳಿಜಾರಿಗೆ ಒಪ್ಪಿದರು. ಹೊಸಿಲಿಗೆ ಬಂದಾಗ ತಲೆ ಅಲ್ಲಾಡಿಸಿದರು.

“ಹೊಸಿಲು ಎದ್ದು ಕಾಣ್ದೇ ಇದ್ರೆ ಅದು ಮನೆ ಅಲ್ಲ ಮೇಡಂ, ಗೋಡೌನು. ಅರಿಶಿನ ಕುಂಕುಮ ಎಲ್ಲಿಗೆ ಹಚ್ಚದು? ಇವಳನ್ನ ಎತ್ತಿ ದಾಟಿಸಕ್ಕೆ ಮನೇಲಿ ಜನ ಇಲ್ವಾ?”

ಹೆಂಡತಿ ಸೆರಗಿನ ಅಂಚನ್ನು ಮಡಚುತ್ತ, ಬಿಚ್ಚುತ್ತ ಕುಳಿತಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು. ತನ್ನದೇ ಮನೆಯ ಬಾಗಿಲು ದಾಟಲು ಪ್ರತಿ ಸಲವೂ ಯಾರನ್ನಾದರೂ ಕೂಗಬೇಕೇ? ನೆಲದೊಳಗೆ ಹಿತ್ತಾಳೆ ಪಟ್ಟಿ ಕೂರಿಸಿದ ಹೊಸಿಲಿನ ಚಿತ್ರ ತೋರಿಸಿದೆ. “ಚಿತ್ರದಲ್ಲಿ ಎಲ್ಲಾ ಚೆಂದನೇ ಕಾಣ್ತದೆ,” ಎಂದರು ಯಜಮಾನರು.

“ಚಿತ್ರ ಬಿಡ್ರಿ. ಮನೀನೇ ತರ್ತೀನಿ. ಒಳಗೆ ಓಡಾಡಿ ನೋಡಿ, ಆಮೇಲೆ ಹೇಳ್ರಿ,” ಎಂದುಬಿಟ್ಟೆ.

ಮುಂದಿನ ಸೋಮವಾರ ಬಡಗಿ ಬಾಗಿಲ ಚೌಕಟ್ಟಿಗೆ ಮರ ಕೊಯ್ಯುವವನಿದ್ದ. ಒಮ್ಮೆ ಕೊಯ್ದನೆಂದರೆ ಆಕೆಯ ಹಣೆಬರಹವೂ ಅಷ್ಟಕ್ಕೇ ನಿಂತಂತೆ. ಅಷ್ಟರೊಳಗೆ ಸೊರಬಕ್ಕೆ ಹೋಗಿ ತೋರಿಸಬೇಕಿತ್ತು.

ಜಂಬ ಕೊಚ್ಚುವಾಗ ನನ್ನ ಕಂಪ್ಯೂಟರನ್ನು ನಾನು ಕೇಳಿರಲಿಲ್ಲ. ಪರದೆಯ ಮೇಲೆ ಮನೆ ಸಿದ್ಧವಾಯಿತು. ಆದರೆ ಅದರೊಳಗೆ ನಡೆಯಲು ಹೊರಟರೆ ಅಂಗಳ ದಾಟುವಷ್ಟರಲ್ಲಿ ಯಂತ್ರ ಕಾದು ಪಟ್ಟನೆ ಆರಿಹೋಗುತ್ತಿತ್ತು. ಪೆಟ್ಟಿಗೆ ಬಿಚ್ಚಿದೆ. ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡಿನ ಫ್ಯಾನ್ ತಿರುಗದೆ ಕಚ್ಚಿಕೊಂಡಿತ್ತು, ಅದರ ತುಂಬ ಬೂದಿಬಣ್ಣದ ಹಿಟ್ಟು. ಮೂಸಿ ನೋಡಿದೆ, ವಿಭೂತಿ! ನಮ್ಮತ್ತೆ ಪ್ರತಿ ಸೋಮವಾರ ಪೂಜೆ ಮುಗಿಸಿ ಬಂದು ಪೆಟ್ಟಿಗೆಯ ಮುಂಭಾಗಕ್ಕೆ ಮೂರು ಬೆರಳಿನಿಂದ ಎಳೆಯುತ್ತಿದ್ದರು. ಗಾಳಿ ಒಳಗೆ ಹೋಗುವ ತೂತುಗಳು ಇರುವುದೂ ಅಲ್ಲೇ.

“ಅನ್ನ ಕೊಡೋ ಪೆಟ್ಟಿಗಿ, ಹಚ್ದೆ ಬಿಡಾಕಾಗತ್ತಾ?” ಎಂದರು ಅತ್ತೆ.

“ಹಚ್ರಿ ಅತ್ತೆ, ಟೇಬಲ್ಲಿನ ಕಾಲಿಗೆ ಹಚ್ರಿ,” ಎಂದೆ. ಸಿಟ್ಟು, ನಗು ಎರಡೂ ಒಟ್ಟಿಗೇ ಬಂದವು.

ಆ ಕಾರ್ಡಿನ ಫ್ಯಾನ್ ಎಲ್ಲಿಯೂ ಸಿಗಲಿಲ್ಲ. ಕಾರ್ಡನ್ನು ತಣ್ಣಗಿಡುವ ಬೇರೆ ಕಂಪನಿಯ ಕೂಲರ್ ತರಿಸಿದೆ. ಎರಡು ದೊಡ್ಡ ಫ್ಯಾನು, ಅದರ ಹಿಂದೆ ಒತ್ತೊತ್ತಾದ ಅಲ್ಯೂಮಿನಿಯಂ ಪಟ್ಟಿಗಳು. ಕಾರ್ಡಿಗಿಂತ ಕೂಲರೇ ದಪ್ಪ. ಅದು ಕೈಸೇರಿದ್ದು ಶನಿವಾರ ಸಂಜೆ. ಭಾನುವಾರ ಬೆಳಿಗ್ಗೆ ಊಟದ ಮೇಜಿನ ಮೇಲೆ ಕಾರ್ಡನ್ನು ಮಲಗಿಸಿದೆ. ನನ್ನ ಗಂಡನಿಗೆ ಟಾರ್ಚ್ ಹಿಡಿಯಿರಿ ಎಂದರೆ ನನ್ನ ಕಣ್ಣಿಗೇ ಹಿಡಿದು, “ಇದು ಕೆಟ್ರೆ ಏನು ಮಾಡ್ತಿ?” ಎಂದು ಕೇಳಿದರು. ಒಳ್ಳೆಯ ಹೊತ್ತು ನೋಡಿಯೇ ಕೇಳಿದರು ಎನ್ನಿ.

ಸ್ಕ್ರೂ ತೆಗೆದರೂ ಹಳೆಯ ಕೂಲರ್ ಬಿಡಲಿಲ್ಲ. ಕಾರ್ಡಿನ ಚಿಪ್‌ನ ಬಿಸಿಯನ್ನು ಕೂಲರಿಗೆ ದಾಟಿಸುವ ಪೇಸ್ಟ್ ಒಣಗಿ ಗಾರೆಯಾಗಿತ್ತು. ಎಳೆದರೆ ಚಿಪ್ಪೇ ಕಿತ್ತುಬರುವ ಭಯ. ಕೂದಲು ಒಣಗಿಸುವ ಡ್ರೈಯರ್‌ನಿಂದ ಸ್ವಲ್ಪ ಬೆಚ್ಚಗೆ ಮಾಡಿ, ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಗಿಸಿದೆ. ಚಟಕ್ ಎಂದಿತು. ನನ್ನ ಎದೆಯೂ ಹಾಗೇ ಎಂದಿತು. ಚಿಪ್ ಮಾತ್ರ ಗಟ್ಟಿಯಾಗಿ ಕೂತಿತ್ತು. ಸ್ಪಿರಿಟ್ ಹಚ್ಚಿ ಅದನ್ನು ಕನ್ನಡಿಯಾಗುವವರೆಗೆ ಒರೆಸಿ, ಹೊಸ ಪೇಸ್ಟ್ ಇಟ್ಟು, ಕೂಲರ್ ಕೂರಿಸಿದೆ. ಒಂದು ಮೂಲೆಯ ಸ್ಕ್ರೂ ತುಸು, ಎದುರು ಮೂಲೆಯದು ತುಸು, ಹೀಗೆ ಬಿಗಿದೆ. ಒಂದೇ ಕಡೆ ಬಿಗಿದರೆ ಚಿಪ್ ಬಿರುಕು ಬಿಡುತ್ತದೆ.

ಪವರ್ ಒತ್ತಿದಾಗ ಎರಡೂ ಫ್ಯಾನುಗಳು ಸದ್ದಿಲ್ಲದೆ ತಿರುಗಿದವು. ಅಂಗಳ ದಾಟಿದೆ, ನಡುಮನೆ ದಾಟಿದೆ, ಹಿತ್ತಲಿಗೆ ಹೋಗಿ ಬಂದೆ. ಯಂತ್ರ ಆರಲಿಲ್ಲ. ನಾನು ಕುಣಿಯುವುದೊಂದು ಬಾಕಿ. ಆದರೆ ಕೂಲರಿನ ದಪ್ಪಕ್ಕೆ ಪೆಟ್ಟಿಗೆಯ ಪಕ್ಕದ ಮುಚ್ಚಳ ಕೂರಲೇ ಇಲ್ಲ. ಹಾಳಾಗಿ ಹೋಗಲಿ ಎಂದು ಮುಚ್ಚಳವನ್ನು ಮನೆಯಲ್ಲೇ ಬಿಟ್ಟು, ಪೆಟ್ಟಿಗೆಗೆ ಟವೆಲ್ ಹೊದಿಸಿ ತೊಡೆಯ ಮೇಲಿಟ್ಟುಕೊಂಡೆ. ಸೊರಬದವರೆಗೂ ಪ್ರತಿ ಗುಂಡಿಗೂ ಕಾರು ಓಡಿಸುತ್ತಿದ್ದ ಗಂಡನನ್ನು ಬೈದೆ, ಗುಂಡಿ ತೋಡಿದವರು ಅವರೇ ಎಂಬಂತೆ.

ದಿನಸಿ ಯಜಮಾನರ ಮನೆಯ ಟಿವಿಗೆ ತಂತಿ ಸಿಕ್ಕಿಸಿದೆ. ಕೀಬೋರ್ಡಿಗೆ ಯಜಮಾನರು ಕೈ ಚಾಚಿದರು. ನಾನು ಅದನ್ನು ಅವರ ಹೆಂಡತಿಯ ತೊಡೆಯ ಮೇಲಿಟ್ಟೆ. “ಈ ಬಾಣದ ಗುಂಡಿ ಒತ್ತಿದ್ರೆ ಮುಂದೆ ಹೋಗ್ತೀರಿ. ನಿಮ್ಮ ಕುರ್ಚಿಯಿಂದ ಕಾಣೋ ಹಾಗೇ ಕಾಣತ್ತೆ.”

ಆಕೆ ಮೊದಲು ಕಾಂಪೌಂಡಿಗೆ ಗುದ್ದಿದರು. ಆಮೇಲೆ ಕಂಬಕ್ಕೆ. ನಾಚಿ ನಕ್ಕರು. ನಂತರ ಇಳಿಜಾರು ಹತ್ತಿ ನೇರ ನಡುಮನೆಗೆ ಹೋದರು.

“ಹೊಸಿಲು ಎಲ್ಲಿ?” ಎಂದು ಯಜಮಾನರು ಕೇಳಿದರು.

“ದಾಟಿ ಆಯ್ತಲ್ರೀ,” ಎಂದೆ. ನೋಟವನ್ನು ಹಿಂದಕ್ಕೆ ತಿರುಗಿಸಿದಾಗ ಹಿತ್ತಾಳೆ ಪಟ್ಟಿ ನೆಲದಲ್ಲಿ ಹೊಳೆಯುತ್ತಿತ್ತು, ಎರಡು ತುದಿಗೂ ಅರಿಶಿನ ಕುಂಕುಮ ಹಚ್ಚಿಯೇ ಇಟ್ಟಿದ್ದೆ. ಯಜಮಾನರು ಟಿವಿಯ ಹತ್ತಿರಕ್ಕೆ ಬಗ್ಗಿ ನೋಡಿದರು.

ಹೆಂಡತಿ ಅಡುಗೆಮನೆಗೆ ಹೋದರು, ಒಲೆಯ ಕಟ್ಟೆಯ ಮುಂದೆ ನಿಂತರು. ಮತ್ತೆ ಹೊರಟು ನಡುಮನೆ, ಬಾಗಿಲು, ಇಳಿಜಾರು, ಗೇಟು ದಾಟಿ ರಸ್ತೆಗೆ ಬಂದು ನಿಂತುಬಿಟ್ಟರು. ತೆರೆದ ಪೆಟ್ಟಿಗೆಯಲ್ಲಿ ಫ್ಯಾನುಗಳು ತಿರುಗುತ್ತಲೇ ಇದ್ದವು.

“ಎಲ್ಲಿಗೆ ಹೊರಟ್ಯೆ?” ಎಂದರು ಯಜಮಾನರು.

“ಎಲ್ಲಿಗೂ ಇಲ್ಲ. ಯಾರನ್ನೂ ಕರೀದೆ ಹೊರಗೆ ಬಂದೆ, ಅಷ್ಟೇ.”

ಯಜಮಾನರು ಎದ್ದು ಹೋಗಿ ಬಡಗಿಗೆ ಫೋನ್ ಮಾಡಿದರು. “ಕೆಳಗಿನ ಮರ ಕೊಯ್ಬೇಡ ಮಾರಾಯ. ಹೊಸಿಲು ನೆಲದ ಸಮಕ್ಕೇ ಇರ್ಲಿ,” ಎಂದದ್ದು ಒಳಗೆ ಕೇಳಿಸಿತು. ಆಕೆ ಕೀಬೋರ್ಡ್ ವಾಪಸು ಕೊಡಲಿಲ್ಲ. ಗೇಟಿನಿಂದ ಒಳಗೆ ಬಂದು, ಮತ್ತೆ ಹೊರಗೆ ಹೋದರು.