ಪಾರುಪತ್ಯಗಾರರೂ ತೂಬಿನ ಗೂಟವೂ

ಮತ್ತಿಮರದ ತುಂಡು ಒಂದು ತಿಂಗಳು ನೀರಿನಲ್ಲಿದ್ದರೆ ಅದಕ್ಕೊಂದು ವಾಸನೆ ಬರುತ್ತದೆ. ಹುಳಿ ಮಜ್ಜಿಗೆಗೆ ಕೆಸರು ಬೆರೆಸಿದಂಥ ವಾಸನೆ. ನಿನ್ನೆ ಕೆರೆಯಂಚಿನ ಗುಂಡಿಯಿಂದ ಅಂಥದೊಂದು ತುಂಡನ್ನು ಎತ್ತಿ ನಮ್ಮ ಅಂಗಳಕ್ಕೆ ತಂದು ಹಾಕಿದರು. ಕೆರೆಯ ನೀರು ಬಿಡುವ ತೂಬಿನ ಕಣ್ಣು ಮುಚ್ಚುವ ಗೂಟ ಹಳತಾಗಿದೆ, ಹೊಸದು ಮಾಡಬೇಕು. ನನ್ನ ಕೈಯಲ್ಲಿ ಈಗ ಉಳಿ ನಿಲ್ಲುವುದಿಲ್ಲ. ಮಗ ಕೆತ್ತುತ್ತಾನೆ, ನಾನು ಪಕ್ಕದಲ್ಲಿ ಕೂತು ತಪ್ಪು ಹುಡುಕುತ್ತೇನೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಪಾರುಪತ್ಯಗಾರರು ನೆನಪಾದರು.

ಸರ್ಕಾರದ ಪರವಾಗಿ ನಮ್ಮ ಕಿಕ್ಕೇರಿ ಸೀಮೆಯ ಹಳ್ಳಿಗಳನ್ನು ನೋಡಿಕೊಳ್ಳುತ್ತಿದ್ದವರು ಅವರು. ಅದಕ್ಕೆ ಮೊದಲು ಶ್ರೀರಂಗಪಟ್ಟಣದ ಕೋಟೆಯಲ್ಲಿ ಕಾಲಾಳಾಗಿದ್ದರು. ಹುಟ್ಟೂರು ನಾಗಮಂಗಲದ ಕಡೆ. ಯಾವುದೋ ಕಾಳಗದಲ್ಲಿ ಮಂಡಿಗೆ ಗುಂಡು ತಗಲಿ ಒಂದು ಕಾಲು ಮಡಿಸಲು ಬಾರದಂತಾಯಿತು. ಓದುಬರಹ ಗೊತ್ತಿತ್ತಾದ್ದರಿಂದ ಸರ್ಕಾರ ಅವರನ್ನು ಇಲ್ಲಿಗೆ ಕಳಿಸಿತು. ಕಾಲು ಮಡಿಸಲಾಗದವರು ಚಾಪೆಯ ಮೇಲೆ ಕೂರುವುದು ಹೇಗೆ? ಚಾವಡಿಯ ಕೆಲಸವನ್ನೆಲ್ಲ ನಿಂತೇ ಮಾಡುತ್ತಿದ್ದರು. ಅವರು ನಿಂತಿರುವಾಗ ಗೌಡರಾಗಲಿ ಶಾನುಭೋಗರಾಗಲಿ ಕೂರುವಂತಿಲ್ಲ. ನಮ್ಮಲ್ಲಿ ನ್ಯಾಯಪಂಚಾಯಿತಿಗಳು ಬೇಗ ಬೇಗ ಮುಗಿದ ಕಾಲವೆಂದರೆ ಅದೊಂದೇ.

ಬೇಸಿಗೆಯಲ್ಲಿ ಕೆರೆಯ ಏರಿಗೆ ಮಣ್ಣು ಹಾಕುವುದು ಊರಿನ ಕೆಲಸ, ಮನೆಗೊಂದಾಳು ಬರಬೇಕು. ಅವರು ಬರುವ ಮುಂಚೆ ಅರ್ಧ ಊರಿಗೆ ಆ ದಿನ ಸರಿಯಾಗಿ ಹೊಟ್ಟೆನೋವು ಬರುತ್ತಿತ್ತು. ಅವರು ಬಂದ ಮೇಲೆ ದಂಡಿನಲ್ಲಿ ಕೂಗುವಂತೆ ಮನೆಮನೆಯ ಹೆಸರು ಕೂಗುತ್ತಿದ್ದರು. ಹೆಂಗಸರು ಗಂಡಸರೆನ್ನದೆ ಎಲ್ಲರೂ 'ಹಾಜರ್' ಅನ್ನಬೇಕು. ಮೊದಲನೆಯ ಬುಟ್ಟಿಯನ್ನು ಕುಂಟುತ್ತ ಅವರೇ ಹೊರುತ್ತಿದ್ದರು. ನಾವು ಹಿಂದಿನಿಂದ ನಗುತ್ತಿದ್ದೆವು, ನಗುತ್ತಲೇ ಹೊರುತ್ತಿದ್ದೆವು. ಐದಾರು ವರ್ಷದಲ್ಲಿ ಏರಿ ಒಂದಾಳು ಎತ್ತರವಾಯಿತು.

ಹುಕುಂ ಎಂದರೆ ಅವರಿಗೆ ದೇವರ ಪ್ರಸಾದ. ಪಟ್ಟಣದಿಂದ ಕಾಗದ ಬಂದರೆ ನಿಂತು ಓದಿ, ಕಣ್ಣಿಗೊತ್ತಿಕೊಂಡು, ಆ ಗಳಿಗೆಯಿಂದಲೇ ಕೆಲಸಕ್ಕಿಳಿಯುವರು. ತಿರುಗಿ ಒಂದು ಮಾತು ಬರೆದದ್ದನ್ನು ಯಾರೂ ಕಂಡಿರಲಿಲ್ಲ.

ಇನ್ನು ನನ್ನ ಕಥೆ. ತೂಬಿನ ಗೂಟ ಮಾಡುವುದಕ್ಕೆ ನಮ್ಮ ಆಚಾರಿಗಳಲ್ಲಿ ಒಂದು ಕ್ರಮವಿದೆ. ಮರವನ್ನು ಅದೇ ಕೆರೆಯ ನೀರಿನಲ್ಲಿ ಒಂದು ತಿಂಗಳು ನೆನೆಸಬೇಕು. ಅದು ಉಬ್ಬುವಷ್ಟು ಉಬ್ಬಿದ ಮೇಲೆ ತೂಬಿನ ಕಣ್ಣಿಗೆ ಅಳತೆ ಹಿಡಿದು ಕೆತ್ತಬೇಕು. ಒಣಮರವನ್ನೇ ಅಳತೆಗೆ ಕೆತ್ತಿ ಕೂರಿಸಿದರೆ ಒಳಗೆ ಹೋದ ಮೇಲೆ ಉಬ್ಬಿ ಕಲ್ಲನ್ನು ಕಚ್ಚಿಕೊಳ್ಳುತ್ತದೆ. ನನ್ನಪ್ಪ ಹೇಳಿಕೊಟ್ಟ ಮೊದಲ ಪಾಠ ಅದು. ಆ ವರ್ಷ ಬೇಸಿಗೆಯಲ್ಲಿ ಹೊಸ ಗೂಟ ಮಾಡುವ ಸರದಿ ನನ್ನದು. ಅದೇ ಹೊತ್ತಿಗೆ ಪಟ್ಟಣದ ಪಕ್ಕದ ಗಂಜಾಮಿನಲ್ಲಿ ಅರಮನೆಯ ಕಂಬ ಕೆತ್ತಲು ಕರೆ ಬಂತು. ಇಪ್ಪತ್ತೈದರ ಪ್ರಾಯ, ಕಂಬದ ಹೂಬಳ್ಳಿಯನ್ನು ದೊರೆ ನೋಡುತ್ತಾರೆ, ನೀರೊಳಗಿನ ಗೂಟವನ್ನು ಮೀನು ನೋಡುತ್ತದೆ... ಒಣಮರವನ್ನೇ ಎರಡು ದಿನದಲ್ಲಿ ಕೆತ್ತಿ, ನೀರುಗಂಟಿಯ ಕೈಗೆ ಕೊಟ್ಟು ಹೊರಟುಬಿಟ್ಟೆ. ಆತ ನೀರು ಬಿಡುವವನು, ಮರದ ವಿಷಯ ಅವನಿಗೇನು ಗೊತ್ತು. ಆ ಮಳೆಗಾಲ ಕೆರೆಯೇನೋ ತುಂಬಿತು. ಗದ್ದೆಗೆ ಮೇಲಿನ ತೂಬೇ ಸಾಕಾದ್ದರಿಂದ ನನ್ನ ಗೂಟವಿದ್ದ ಕೆಳಗಿನದನ್ನು ಯಾರೂ ಮುಟ್ಟಲಿಲ್ಲ.

ಸಂಕ್ರಾಂತಿಯ ಹೊತ್ತಿಗೆ ನಾನು ಊರಿಗೆ ಬಂದಿದ್ದೆ. ಕುಂಪಣಿಯ ದಂಡು ಪಟ್ಟಣದ ಮೇಲೆ ಬರುತ್ತಿದೆ ಎಂದು ಸುದ್ದಿಯಾಯಿತು. ಹಿಂದೆಯೇ ಹರಿಕಾರನೊಬ್ಬ ಹುಕುಂ ತಂದ. ದಂಡು ಬರಬಹುದಾದ ದಾರಿಯಲ್ಲಿ ಹುಲ್ಲಿರಬಾರದು, ಕೆರೆಯಲ್ಲಿ ನೀರಿರಬಾರದು. ಪಕ್ಕದ ಎರಡು ಊರಿನವರು ಹೆದರಿ ಆಗಲೇ ಏರಿ ಕಡಿದಿದ್ದರು. ಏರಿ ಕಡಿಯುವುದಕ್ಕೆ ಒಂದು ದಿನ ಸಾಕು, ಮತ್ತೆ ಕಟ್ಟುವುದಕ್ಕೆ ಒಂದು ತಲೆಮಾರು ಬೇಕು.

ಪಾರುಪತ್ಯಗಾರರು ಊರನ್ನೆಲ್ಲ ಏರಿಯ ಮೇಲೆ ಸೇರಿಸಿದರು. "ನೀರಿರ್ಬಾರ್ದು ಅಂತವ ಬರ್ದವ್ರೆ. ಏರಿ ಇರ್ಬಾರ್ದು ಅಂತ ಬರ್ದಿಲ್ಲ. ಕೆಳುಗಿನ್ ತೂಬು ತೆಗೀರಿ, ಐದು ದಿನ್ದಾಗೆ ಬರಿದಾಯ್ತದೆ. ಏರಿ ಒಂದು ಉಳುದ್ರೆ ಮುಂದಿನ್ ಮಳೇಗೆ ಮತ್ತೆ ತುಂಬ್ಕತದೆ" ಅಂದರು. ಹುಕುಮನ್ನೂ ಮೀರದೆ ಊರನ್ನೂ ಉಳಿಸುವ ದಾರಿ ಸಿಕ್ಕಿತೆಂದು ಅವರ ಮುಖದಲ್ಲಿ ಸಮಾಧಾನವಿತ್ತು. ನಾನು ಮಾತ್ರ ಗುಂಪಿನ ಹಿಂದಕ್ಕೆ ಸರಿದೆ.

ನೀರುಗಂಟಿ ಮೂರು ಸಲ ಮುಳುಗಿ ಎದ್ದ. "ಅಲ್ಲಾಡಾಕಿಲ್ಲ ಬುದ್ಧಿ. ಕಲ್ಲಂಗೆ ಕಚ್ಕಂಡದೆ" ಅಂದ. ಗೂಟದ ಮೇಲಿನ ಗಳುವಿಗೆ ಹಗ್ಗ ಕಟ್ಟಿ ಹನ್ನೆರಡು ಜನ ಎಳೆದರು. ಆಮೇಲೆ ಎತ್ತು ಕಟ್ಟಿದರು. ಗಳು ಮುರಿಯಿತು, ಗೂಟ ಅಲ್ಲೇ ಉಳಿಯಿತು. ಇನ್ನು ಉಳಿದದ್ದು ಏರಿ ಕಡಿಯುವುದೊಂದೇ. ಹರಿಕಾರ ಅದನ್ನೇ ಹೇಳಿದ. ಗುದ್ದಲಿ ಹಿಡಿದವರು ಸಾಲಾಗಿ ನಿಂತರು. ಮಣ್ಣು ಹೊತ್ತಿದ್ದವರೂ ಅವರೇ.

ಪಾರುಪತ್ಯಗಾರರು ನನ್ನನ್ನು ಪಕ್ಕಕ್ಕೆ ಕರೆದರು. "ಆಚಾರಿ, ಮರ ನೆನ್ಸಿ ಮಾಡಿದ್ಯೇನ್ಲಾ?"

"ಒಂದು ತಿಂಗ್ಳು ನೆನ್ಸಿದ್ದೆ ಬುದ್ಧಿ" ಅಂದೆ. ಸುಳ್ಳು ಹೇಳುವಾಗ ನನ್ನ ನಾಲಗೆ ಒಂದಿಷ್ಟೂ ತಡವರಿಸಲಿಲ್ಲ ಎನ್ನುವುದು ಇವತ್ತಿಗೂ ನನಗೆ ಆಶ್ಚರ್ಯ.

ಅವರು ಏರಿಯ ಮೇಲೆ ಆ ತುದಿಯಿಂದ ಈ ತುದಿಗೆ ಒಮ್ಮೆ ನಡೆದು ಬಂದರು. ಬಂದು, ಗುದ್ದಲಿಯವರಿಗೆ ಮನೆಗೆ ಹೋಗಿ ಎಂದರು. ಹರಿಕಾರನಿಗೆ, "ಇದು ನನ್ನ ಕೈಲಾಗಾಕಿಲ್ಲ ಕಣಪ್ಪ. ಅಂಗಂತ ಬರ್ಕೊಡ್ತೀನಿ, ತಗೊಂಡೋಗು" ಅಂದರು. ಅಲ್ಲೇ ನಿಂತು ಬರೆದರು. ಅವರು ತಿರುಗಿ ಬರೆದ ಒಂದೇ ಕಾಗದ ಅದು.

ನಾಲ್ಕನೆಯ ದಿನ ಇಬ್ಬರು ಸವಾರರು ಬಂದು ಅವರನ್ನು ಪಟ್ಟಣಕ್ಕೆ ಕರೆದೊಯ್ದರು. ದಂಡು ಹಿರೋಡೆಯ ಕಡೆಯಿಂದ ಇಳಿಯಿತು, ನಮ್ಮ ದಿಕ್ಕಿಗೆ ತಲೆ ಹಾಕಲಿಲ್ಲ. ಏರಿ ಕಡಿಯುವ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಆ ಬೇಸಿಗೆ ಏರಿ ಕಡಿದ ಊರುಗಳ ದನಕರುಗಳೆಲ್ಲ ನಮ್ಮ ಕೆರೆಗೇ ಬಂದವು. ನೀರು ತಳ ಕಂಡಾಗ ನಾನೊಬ್ಬನೇ ತೂಬಿಗಿಳಿದು, ಆ ಗೂಟವನ್ನು ಉಳಿಯಿಂದ ಚೂರು ಚೂರು ಮಾಡಿ ತೆಗೆದೆ. ನೆನೆಸಿದ ಮರದ ಗೂಟವನ್ನು ಕೂರಿಸಿದೆ. ಯಾರೂ ಕೇಳಲಿಲ್ಲ.

ಪಾರುಪತ್ಯಗಾರರ ತಲೆ ಹೋಗಲಿಲ್ಲ, ಕೆಲಸ ಹೋಯಿತು. ಕೋಟೆಯ ಗೋಡೆಯ ಮೇಲೆ ಪಹರೆಗೆ ಹಾಕಿದರಂತೆ, ಮೊದಲು ಸೇರಿದಾಗಿನ ಹಾಗೆ ಬರಿಯ ಕಾಲಾಳಾಗಿ. ಆರೇಳು ವರ್ಷದ ಮೇಲೆ ಗಂಜಾಮಿಗೆ ಹೋದವನು ಅವರನ್ನು ಕೋಟೆಯ ಬೆಂಗಳೂರು ಬಾಗಿಲಿನ ಹತ್ತಿರ ಕಂಡೆ. ಗಡ್ಡ ಬೆಳ್ಳಗಾಗಿತ್ತು. ಮಡಿಸಲು ಬಾರದ ಕಾಲನ್ನು ಮುಂದೆ ಚಾಚಿ ಗೋಡೆಗೊರಗಿ ನಿಂತಿದ್ದರು. ಕಾಲಿಗೆ ಬಿದ್ದು, "ನಾನು ಮರ ನೆನ್ಸಿರ್ನಿಲ್ಲ ಬುದ್ಧಿ" ಅಂದೆ.

"ಗೊತ್ತು ಕಣ್ಲಾ. ಅವತ್ತೇ ಗೊತ್ತಿತ್ತು."

"ಮತ್ಯಾಕೆ ನನ್ನೆಸ್ರು ಏಳ್ನಿಲ್ಲ?"

"ತೂಬು ನೋಡ್ಕಬೇಕಾದೋನು ನಾನು. ನೋಡ್ನಿಲ್ಲ. ನಿನ್ನೆಸ್ರು ಏಳುದ್ರೆ ನನ್ನ ತಪ್ಪು ಕಮ್ಮಿ ಆಯ್ತದಾ?" ಅಂದರು. ಆಮೇಲೆ, "ಕೆರೆ ತುಂಬ್ಯದಾ?" ಎಂದು ಕೇಳಿದರು.

"ಕೋಡಿ ಬಿದ್ದದೆ ಬುದ್ಧಿ."

ತಲೆಯಾಡಿಸಿದರು. ಪಹರೆಯ ಹೊತ್ತಿನಲ್ಲಿ ಇದಕ್ಕಿಂತ ಹೆಚ್ಚು ಮಾತಾಡುವ ಹಾಗಿಲ್ಲ ಎಂದು ನನ್ನನ್ನು ಕಳಿಸಿದರು. ಮರುವರ್ಷ ಬೇಸಿಗೆಯಲ್ಲಿ ಪಟ್ಟಣ ಬಿತ್ತು. ಎಂಟು ದಿನದ ಮೇಲೆ ಹೋಗಿ ವಿಚಾರಿಸಿದೆ. ಗೋಡೆಯ ಮೇಲೆ ಸತ್ತ ಸಾಮಾನ್ಯ ಆಳುಗಳನ್ನೆಲ್ಲ ಒಂದೇ ಕಡೆ ಮಣ್ಣು ಮಾಡಿದರು, ಯಾರು ಯಾರೆಂದು ನೋಡಲಿಲ್ಲ ಎಂದರು. ನಾಗಮಂಗಲದಲ್ಲಿ ಅವರ ಮನೆಯವರು ಇದ್ದರೋ ಇಲ್ಲವೋ... ಅದನ್ನೂ ನಾನು ಹೋಗಿ ನೋಡಲಿಲ್ಲ.

ಆ ಗೂಟ ಅಲ್ಲಾಡದಂತೆ ಹಿಡಿದುಕೊಂಡವಳು ಕೆರೆಯಮ್ಮ ಎಂದು ನಮ್ಮೂರಿನಲ್ಲಿ ಈಗ ಹೇಳುತ್ತಾರೆ. ವರ್ಷಕ್ಕೊಮ್ಮೆ ತೂಬಿನ ಮುಂದೆ ಅವಳಿಗೆ ಕಾಯಿ ಒಡೆದ ಮೇಲೆಯೇ ನೀರು ಬಿಡುವುದು. ಹಿರಿಯ ಆಚಾರಿಯೆಂದು ಮೊದಲ ಕಾಯಿ ನನ್ನ ಕೈಗೇ ಕೊಡುತ್ತಾರೆ. ನಿಜ ಹೇಳಿದರೆ ಜನರ ಭಕ್ತಿಗೆ ಪೆಟ್ಟು ಬೀಳುತ್ತದೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದೆ. ಅದು ನೆವ. ಪೆಟ್ಟು ಬೀಳುವುದು ನನ್ನ ಹೆಸರಿಗೆ. ಇನ್ನು ಎಂಟು ದಿನಕ್ಕೆ ಮತ್ತೆ ಆ ಪೂಜೆ ಬರುತ್ತದೆ. ನಾನು ಕಾಯಿ ಒಡೆಯುತ್ತೇನೆ, ಊರವರು ಕೈಮುಗಿಯುತ್ತಾರೆ. ಪಾರುಪತ್ಯಗಾರರನ್ನು ಕಂಡಿದ್ದವರಲ್ಲಿ ಈಗ ಉಳಿದಿರುವವನು ನಾನೊಬ್ಬ, ನಾನು ಈ ಸಲವೂ ಬಾಯಿ ಬಿಡುವುದಿಲ್ಲ.