ಬಾಗಿಲಿಗೆ ಸಿಕ್ಕಿಕೊಂಡ ಸೋಫಾ

ಅಕ್ಕ ಕೌನ್ಸೆಲರ್ ಆಗುವ ಮೊದಲು ಹನ್ನೊಂದು ವರ್ಷ ಊರವರ ಬೀರು, ಮಂಚ ಹೊತ್ತವಳು. ಅಪ್ಪನದು ಮನೆ ಸಾಮಾನು ಸಾಗಿಸುವ ವ್ಯಾನು. ಅಣ್ಣ ಮುಂದಿನ ತುದಿ ಹಿಡಿದರೆ ಇವಳು ಹಿಂದಿನದು. ಎಂಥ ಇಕ್ಕಟ್ಟಿನ ಮೆಟ್ಟಿಲಾದರೂ ಒಮ್ಮೆ ಕಣ್ಣಾಡಿಸಿ 'ಹೋಗುತ್ತೆ' ಅಂದಳೆಂದರೆ ಹೋಗಿಯೇ ಬಿಡುತ್ತಿತ್ತು. ಟೇಪು ಹಿಡಿದು ಅಳೆಯುವವರನ್ನು ಕಂಡರೆ ಅವಳಿಗೆ ನಗು.

ಒಂದು ದಿನ, ಗಂಡನ ಹೊಡೆತ ತಾಳದೆ ಮನೆ ಬಿಡುತ್ತಿದ್ದ ಹೆಂಗಸೊಬ್ಬಳ ಸಾಮಾನು ತುಂಬಲು ಹೋಗಿದ್ದರು. ನೆಂಟರೆಲ್ಲ ತಮಗೆ ತೋಚಿದ್ದನ್ನು ಡಬ್ಬಕ್ಕೆ ತುರುಕುತ್ತಿದ್ದರು. ಅವಳು ಒಂದು ಹಳೇ ಟೇಬಲ್ ಫ್ಯಾನು ತಬ್ಬಿಕೊಂಡು ಕಂಬದಂತೆ ನಿಂತಿದ್ದಳು. ಅಕ್ಕ ಹತ್ತಿರ ಹೋಗಿ, "ಇದನ್ನ ನಾನು ಎತ್ಕೊಳ್ಲಾ, ನೀವೇ ತರ್ತೀರಾ?" ಎಂದು ಕೇಳಿದಳು. ಅಷ್ಟಕ್ಕೇ ಆ ಹೆಂಗಸು ಕುಸಿದು ಕೂತು ಅತ್ತಳು. ಅವಳನ್ನು ಯಾರಾದರೂ ಒಂದು ಮಾತು ಕೇಳಿ ಎಷ್ಟು ವರ್ಷವಾಗಿತ್ತೋ.

ಆ ಅಳು ಅಕ್ಕನ ಬೆನ್ನು ಬಿಡಲಿಲ್ಲ. ಸಂಜೆ ಕಾಲೇಜು ಸೇರಿದಳು, ವ್ಯಾನಿನಲ್ಲಿ ಮಂಚಗಳ ಸಂದಿಯಲ್ಲಿ ಕೂತು ಓದಿದಳು, ಮೂವತ್ತೆಂಟನೇ ವಯಸ್ಸಿಗೆ ಪಾಸಾದಳು. ಅಣ್ಣನ ಗೋದಾಮಿನ ಮೇಲಿನ ಕೋಣೆಯೇ ಅವಳ ಕಚೇರಿ. ಅಲ್ಲಿ ಕಟ್ಟಳೆ ಒಂದೇ: ನೊಂದು ಬಂದವರನ್ನು ಕೇಳದೆ ಏನನ್ನೂ ಎತ್ತಬಾರದು, ಕುರ್ಚಿಯನ್ನಾಗಲಿ ಮಾತನ್ನಾಗಲಿ. ಎಲ್ಲಿ ಕೂರಬೇಕೆಂದು ಅವರೇ ಹೇಳಬೇಕು, ಅಕ್ಕ ಸಾಮಾನು ಜರುಗಿಸಬೇಕು.

ಅಲ್ಲಿಗೊಂದು ಮಧ್ಯಾಹ್ನ ಶಾಲೆ ಬಸ್ಸಿನ ಡ್ರೈವರಮ್ಮ ಬಂದಳು. ಖಾಲಿ ಬಸ್ಸು ಮಗುಚಿ, ಒಂದೂವರೆ ಗಂಟೆ ಒಳಗೇ ಸಿಕ್ಕಿಕೊಂಡಿದ್ದವಳು. ಅಂದಿನಿಂದ ಸ್ಟೇರಿಂಗು ಮುಟ್ಟಿರಲಿಲ್ಲ. ಇಬ್ಬರು ಕೌನ್ಸೆಲರುಗಳ ಕೋಣೆಯಿಂದ ಬಾಯೇ ಬಿಡದೆ ಎದ್ದು ಹೋಗಿದ್ದಳು.

"ಇದೇ ಕೊನೆ ಮೇಡಂ. ಇಲ್ಲೂ ಆಗ್ಲಿಲ್ಲ ಅಂದ್ರೆ ಕೆಲಸ ಬಿಟ್ಬಿಡ್ತೀನಿ."

"ಅಕ್ಕ ಅನ್ನಿ ಸಾಕು. ಎಲ್ಲಿ ಕೂರ್ತೀರಿ?"

ಸೋಫಾ ಕಿಟಕಿಯ ಬಳಿ ಹೋಯಿತು. ಅಲ್ಲಿಂದ ಬಾಗಿಲು ಕಾಣಲಿಲ್ಲ. ಗೋಡೆಗೆ ಬಂತು. ಅಲ್ಲಿ ಉಸಿರು ಕಟ್ಟಿತು.

"ನಿಮ್ಮ ಸೊಂಟ ಮುರೀತಿದೀನೇನೋ," ಎಂದಳು ಡ್ರೈವರಮ್ಮ.

"ಮೂರನೇ ಮಹಡಿಗೆ ಬೀರು ಹತ್ತಿಸಿದೋಳು ನಾನು. ಇದ್ಯಾವ ಲೆಕ್ಕ."

"ಹಂಗಾದ್ರೆ ಆಚೆ ಕಾರಿಡಾರಲ್ಲಿ?"

ಅಕ್ಕ ಬಾಗಿಲಿನತ್ತ ಕಣ್ಣಾಡಿಸಿದಳು. "ಹೋಗುತ್ತೆ."

ಡ್ರೈವರಮ್ಮ ಹೊರಗಿನಿಂದ ಎಳೆದಳು, ಅಕ್ಕ ಒಳಗಿನಿಂದ ನೂಕಿದಳು. ಅರ್ಧ ದಾಟಿದ ಸೋಫಾ ಕರ್ರೆಂದು ಚೌಕಟ್ಟಿಗೆ ಕಚ್ಚಿಕೊಂಡು, ಅತ್ತಲೂ ಇಲ್ಲ ಇತ್ತಲೂ ಇಲ್ಲ ಎಂದು ನಿಂತಿತು.

"ರಿವರ್ಸ್ ತಗೊಳ್ಳಿ," ಎಂದಳು ಡ್ರೈವರಮ್ಮ.

"ಗೇರೇ ಬೀಳ್ತಿಲ್ಲ."

"ಎಡಕ್ಕೆ ಕಟ್ ಮಾಡಿ."

"ನಿಮ್ಮ ಎಡಾನಾ, ನನ್ನ ಎಡಾನಾ?"

ನಗು ಮೊದಲು ಯಾರಿಗೆ ಬಂತೋ ಹೇಳುವುದು ಕಷ್ಟ. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಒಬ್ಬಳು ನಿಲ್ಲಿಸಿದರೆ ಇನ್ನೊಬ್ಬಳು ಸೋಫಾದ ಕಡೆ ನೋಡಿ ಮತ್ತೆ ಶುರು ಮಾಡುತ್ತಿದ್ದಳು.

ತಟ್ಟನೆ ಡ್ರೈವರಮ್ಮನ ಮುಖ ಬಿಗಿಯಿತು. "ಅಕ್ಕಾ, ಒಳಗೆ ಸಿಕ್ಕಿಹಾಕ್ಕೊಂಡ್ರಲ್ಲ ನೀವು. ಭಯ ಆಗ್ತಿದ್ಯಾ?"

"ಭಯ ಇಲ್ಲ, ಮಾನ ಹೋಗ್ತಿದೆ. ಅಣ್ಣಂಗೆ ಗೊತ್ತಾದ್ರೆ ಊರೆಲ್ಲ ಡಂಗುರ ಹೊಡೀತಾನೆ. ನಿಮಗೆ ದಾರಿ ತೆರೆದೇ ಇದೆ ನೋಡಿ. ಹೊರಡಬೇಕು ಅನ್ಸಿದ್ರೆ ಹೊರಡಬಹುದು."

ಡ್ರೈವರಮ್ಮ ಮೆಟ್ಟಿಲಿನ ಕಡೆ ತಿರುಗಿದಳು. ಆ ಇಬ್ಬರು ಕೌನ್ಸೆಲರುಗಳಂತೆ ತಾನೂ ಸೋತೆನೇನೋ ಎಂದುಕೊಂಡಳು ಅಕ್ಕ. ಆದರೆ ತಡೆಯಲಿಲ್ಲ, ಕರೆಯಲಿಲ್ಲ.

ಡ್ರೈವರಮ್ಮ ಹೊರಗೆ ಚಾಚಿಕೊಂಡಿದ್ದ ಸೋಫಾದ ತೋಳಿನ ಮೇಲೆ ಕೂತಳು.

"ಅವತ್ತು ಯಾರಾದ್ರೂ ಹಿಂಗೆ ಆಚೆ ಕೂತು ಮಾತಾಡಿದ್ರೂ ಸಾಕಿತ್ತು ಅಕ್ಕಾ. ಹಾರ್ನ್ ಒತ್ತಿದೆ, ಒತ್ತಿದೆ, ಒಂದು ನರಪಿಳ್ಳೇನೂ ಬರ್ಲಿಲ್ಲ. ಆಮೇಲೆ ಹಾರ್ನೂ ಸತ್ತೋಯ್ತು. ಬಸ್ಸಿಗೇ ಬೈಯ್ತಾ ಕೂತೆ, ಅದಕ್ಕೂ ಬೇಜಾರಾಗಿರ್ಬೇಕು." ಅವಳು ನಕ್ಕಳು, ಅತ್ತಳು, ಮೂಗು ಒರೆಸಿಕೊಂಡು ಮತ್ತೆ ನಕ್ಕಳು. ಅಕ್ಕ ಸೋಫಾದ ಮೇಲಿನ ಸಂದಿಯಲ್ಲಿ ಗಲ್ಲ ಊರಿ ಕೇಳಿಸಿಕೊಂಡಳು.

ಸದ್ದು ಕೇಳಿ ಅಣ್ಣ ಮೇಲೆ ಬಂದ. "ಏನಮ್ಮಾ ಕಣ್ಣಳತೆ ರಾಣಿ, ಇವತ್ತು ಕಣ್ಣು ಎಲ್ಲಿಟ್ಟಿದ್ದೆ?" ಎಂದು ತೋಳು ಮಡಿಸಿದ.

"ಮುಟ್ಬೇಡಿ ಅಣ್ಣಾ," ಎಂದಳು ಡ್ರೈವರಮ್ಮ. "ನನ್ನ ಮಾತು ಇನ್ನೂ ಮುಗಿದಿಲ್ಲ. ಆಮೇಲೆ ಬನ್ನಿ."

"ಒಳಗಿರೋಳು ಏನಂತಾಳೆ?"

"ಅವರು ಹೇಳ್ದಂಗೆ," ಎಂದಿತು ಸಂದಿಯೊಳಗಿನ ದನಿ.

ಅಣ್ಣ ನಗು ತಡೆಯಲಾರದೆ ಮೆಟ್ಟಿಲಿಳಿದ. ಡ್ರೈವರಮ್ಮ ಕಾಲು ಮೇಲೆಳೆದುಕೊಂಡು, ಚೌಕಟ್ಟಿಗೆ ಬೆನ್ನು ಒರಗಿಸಿ, ಮಾತು ಮುಂದುವರಿಸಿದಳು.