ಓದಿ ಹೇಳದ ಫಲಕ

ಗಿರಿಜಾ ವೈನಿ, ಶಂಕರಗೌಡ ಆ ಗುಡ್ಡಕ್ಕೆ ಹಟ ಹಿಡಿದು ಹೋಗಲಿಲ್ಲ. ನಾನು ಒಯ್ದೆ. 'ನಾ ಬ್ಯಾಡ ಅಂದೆ, ಅವ ಕೇಳಲಿಲ್ಲ' ಎಂದು ಮರಳಿ ಬಂದ ದಿನ ವಿಮಾನ ನಿಲ್ದಾಣದಲ್ಲಿ ನಿಮಗೆ ಹೇಳಿದ್ದು ಸುಳ್ಳು. ಮೂರು ವರ್ಷದಿಂದ ಆ ಸುಳ್ಳು ಇಟ್ಟುಕೊಂಡೇ ನಿಮ್ಮ ಮನೆಯ ಚಹಾ ಕುಡಿಯುತ್ತಿದ್ದೇನೆ.

ಅಣ್ಣಿಗೇರಿಯಲ್ಲಿ ಮೂವತ್ತು ವರ್ಷ ಭೂಗೋಳ ಕಲಿಸಿದವನು ನಾನು. ನಮ್ಮ ಕಪ್ಪು ಎರಿ ಮಣ್ಣಿನ ಮೂಲ ಲಾವಾ ಎಂದು ಪ್ರತಿ ವರ್ಷ ಹೇಳುತ್ತಿದ್ದೆ. ಜ್ವಾಲಾಮುಖಿಯನ್ನು ಮಾತ್ರ ಪುಸ್ತಕದ ಚಿತ್ರದಲ್ಲಿ ಬಿಟ್ಟರೆ ಕಂಡಿರಲಿಲ್ಲ. ನಿವೃತ್ತನಾದ ಮೇಲೆ ಹವಾಯಿ ಪ್ರವಾಸಕ್ಕೆ ಹೆಸರು ಕೊಟ್ಟೆ. ಒಬ್ಬನೇ ಹೋಗಲು ಮನಸ್ಸಾಗದೆ, ಶಲವಡಿಯ ಹೊಲ ಬಿಟ್ಟು ಎಲ್ಲಿಗೂ ಹೋಗದ ಗೆಳೆಯ ಗೌಡನನ್ನು ಎಳೆದುಕೊಂಡು ಹೊರಟೆ. ಆ ದಿನ ನೀವು ಗುಳಿಗೆಯ ಡಬ್ಬಿಯನ್ನು ಅವನಿಗಲ್ಲ, ನನ್ನ ಕೈಗೆ ಕೊಟ್ಟಿರಿ. "ಮಾಸ್ತರ್ರ, ಇವರಿಗೆ ಬಿ.ಪಿ. ಭಾಳ ಐತ್ರಿ. ನಿಮ್ಮ ಮ್ಯಾಲ ಬಿಟ್ಟೀನಿ."

ಅಲ್ಲಿ ಒಂದು ಮಧ್ಯಾಹ್ನ ಬಿಡುವಿತ್ತು. ಬಾಡಿಗೆಗೆ ಕಾರು ಹಿಡಿದು, ಗೌಡನನ್ನು ಬಾಜೂಕ ಕೂರಿಸಿಕೊಂಡು, ನಾನೇ ಓಡಿಸುತ್ತಾ ಮೌನಾ ಕೇಯಾ ಎಂಬ ಜ್ವಾಲಾಮುಖಿಯ ಶಿಖರಕ್ಕೆ ಹೊರಟೆ. ಸಮುದ್ರದ ದಂಡೆಯಿಂದ ಹೆಚ್ಚುಕಡಿಮೆ ಹದಿನಾಲ್ಕು ಸಾವಿರ ಅಡಿ — ಅರ್ಧ ದಿನದಲ್ಲಿ.

ನಡುದಾರಿಯಲ್ಲಿ ಎಲ್ಲರೂ ನಿಂತು ಸುಧಾರಿಸಿಕೊಳ್ಳುವ ಜಾಗವೊಂದಿದೆ. ಅಲ್ಲಿ ಇಂಗ್ಲಿಷಿನ ಎರಡು ಫಲಕಗಳಿದ್ದವು. ಗೌಡನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ.

"ಏನ್ ಬರದಾರ, ಮಾಸ್ತರ?"

"ಮಂಜಿನ್ಯಾಗ ದನಾ ಅಡ್ಡ ಬರ್ತಾವಂತ. ಹಗೂರ ಹೋಗ್ರಿ ಅಂತ."

"ಇಲ್ಲೂ ನಮ್ಮೂರ ಹಣೇಬಾರನ!" ಎಂದು ಅವನು ನಕ್ಕ.

ಎರಡನೆಯ ಫಲಕವನ್ನೂ ನಾನು ಓದಿದ್ದೆ, ವೈನಿ. ಹೃದಯದ ತೊಂದರೆ, ರಕ್ತದೊತ್ತಡ ಇದ್ದವರು ಇಲ್ಲಿಂದ ಮುಂದೆ ಹೋಗಬಾರದು ಎಂದಿತ್ತು. ಅದನ್ನು ಹೇಳಲಿಲ್ಲ. ಹೇಳಿದ್ದರೆ ಅವನು ಕಾರು ಹತ್ತುತ್ತಿರಲಿಲ್ಲ. ಅವನನ್ನು ಬಿಟ್ಟು ನಾನೊಬ್ಬನೇ ಹೋಗುವಂತೆಯೂ ಇರಲಿಲ್ಲ, ಹಾಗಾಗಿ —

ಮುಂದೆ ಡಾಂಬರು ಮುಗಿದು ಜಲ್ಲಿಯ ರಸ್ತೆ. ಒಂದನೇ ಗೇರಿನಲ್ಲಿ ಎಂಜಿನ್ನು ಒದರುತ್ತಿತ್ತು. ತಿರುವುಗಳಲ್ಲಿ ಗಾಲಿ ಜಾರಿ, ಹಿಂದೆ ಸರಿದು, ಮತ್ತೆ ಹಿಡಿಯುತ್ತಿತ್ತು. ನನ್ನ ಬದಿಗೆ ಗುಡ್ಡ, ಅವನ ಬದಿಗೆ ಪ್ರಪಾತ; ಕೆಳಗೆ ಮೋಡ. ಗೌಡ ಬಾಗಿಲ ಮೇಲಿನ ಹಿಡಿಕೆ ಹಿಡಿದು ಕುಳಿತಿದ್ದ. ಮೂರನೆಯ ತಿರುವಿಗೆ ಅವನು ಕಣ್ಣು ಮುಚ್ಚಿಕೊಂಡ. ತುಟಿ ಕಪ್ಪಿಟ್ಟಿತ್ತು.

"ಮಾಸ್ತರ, ತಲಿ ಸಿಡ್ಯಾಕತ್ತೈತಿ. ಸಾಕು, ತಿರುಗೂಣು."

"ಗೌಡ್ರ ಮಗ ಆಗಿ ಏನ್ ಅಂಜತೀಯೋ? ಇನ್ನ ನಾಕ ತಿರುವು."

ಅವನು ಮತ್ತೆ ಕೇಳಲಿಲ್ಲ. ಕಾರು ತಿರುಗಿಸಲು ಜಾಗವಿರಲಿಲ್ಲ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಜಾಗವಿತ್ತು. ಎರಡು ಕಡೆ ಇತ್ತು.

ತುದಿಯಲ್ಲಿ ಅವನನ್ನು ಕಾರಿನಲ್ಲೇ ಬಿಟ್ಟು ಇಳಿದೆ. ಕೆಂಪು ಬೂದಿಯ ದಿಬ್ಬಗಳು, ಸಸಿಯಿಲ್ಲ, ಹುಲ್ಲಿಲ್ಲ. ನನಗೂ ಉಸಿರು ಸಾಲುತ್ತಿರಲಿಲ್ಲ, ಆದರೂ ಸಂತೋಷವಾಗಿತ್ತು — ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಹತ್ತು ನಿಮಿಷ ನಿಂತು ನೋಡಿದೆ. ಮರಳಿ ಬಂದಾಗ ಅವನ ಬಾಯಿ ಒಂದು ಕಡೆ ಸೊಟ್ಟಗಾಗಿತ್ತು. ಏನೋ ಹೇಳುತ್ತಿದ್ದ, ಅದು ಮಾತಾಗಿರಲಿಲ್ಲ.

ಇಳಿಯುವಾಗ ಬ್ರೇಕು ಸುಟ್ಟ ವಾಸನೆ ಬಂತು. ಒಂದು ಕೈ ಸ್ಟೇರಿಂಗಿನ ಮೇಲೆ, ಇನ್ನೊಂದು ಕೈಯಲ್ಲಿ ನನ್ನ ಮೇಲೆ ವಾಲುತ್ತಿದ್ದ ಅವನ ತಲೆ. "ಗೌಡಾ, ಗೌಡಾ" ಎಂದು ಕೂಗುತ್ತಲೇ ಇಳಿದೆ. ಜೀವ ಉಳಿಯಿತು. ಬಲಗೈ ಮತ್ತು ಮಾತು ಮರಳಿ ಬರಲಿಲ್ಲ. ಎತ್ತರವೇ ಕಾರಣ ಎಂದು ಖಚಿತವಾಗಿ ಹೇಳಲಾಗದು ಎಂದರು ಅಲ್ಲಿನ ಡಾಕ್ಟರು. ಆ ಮಾತಿನ ಹಿಂದೆ ನಾನು ಅಡಗಲಾರೆ.

ಅವನು ಮಾತಾಡಲಾರ ಎಂದು ಗೊತ್ತಿದ್ದೇ ನಿಮಗೆ ಸುಳ್ಳು ಹೇಳಿದೆ. ಅದು ಗುಡ್ಡ ಹತ್ತಿಸಿದ್ದಕ್ಕಿಂತ ದೊಡ್ಡ ತಪ್ಪು. ಹೋದ ಸೋಮವಾರ ಅವನಿಗೆ ಅಂಬಲಿ ಕುಡಿಸುತ್ತಾ ನೀವು ಅಂದಿರಿ: "ಇವರು ಯಾವಾಗರೆ ಯಾರ ಮಾತರೆ ಕೇಳ್ಯಾರೇನ್ರಿ, ಮಾಸ್ತರ್ರ? ಮಾಡಿಕೊಂಡ್ರು, ಉಣ್ಣಾಕತ್ತಾರ." ಗೌಡ ನನ್ನತ್ತ ನೋಡಿದ. ಸಿಟ್ಟಿರಲಿಲ್ಲ. ನಾನು ಹೇಳುತ್ತೇನೇನೋ ಎಂದು ಕಾಯುವವನ ಹಾಗೆ ನೋಡಿದ. ನಾನು ತಲೆಯಾಡಿಸಿದೆ — ಹೌದ್ರಿ ಎಂಬಂತೆ.

ಇನ್ನು ಅವನನ್ನು ಬೈಯಬೇಡಿರಿ, ವೈನಿ. ಬೈಯಬೇಕಾದವನು ಇವತ್ತು ಸಂಜೆ ನಿಮ್ಮ ಕಟ್ಟೆಗೆ ಬಂದು ಕೂಡುತ್ತಾನೆ.